ಶ್ರುತಿ ಪೆಟ್ಟಿಗೆಯೂ ಸಿಂಥಸೈಸರೇ

ರಾಯಚೂರಿನಿಂದ ಲಿಂಗಸುಗೂರು ರಸ್ತೆ ಹಿಡಿದರೆ ಕಲ್ಮಲ ಸಿಗುತ್ತದೆ. ಅಲ್ಲಿಯಾಗಲಿ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಾಗಲಿ ಭಜನೆಗೆ ಕೂತವರನ್ನು ‘ನಿಮ್ಮಲ್ಲಿ ಸಿಂಥಸೈಸರ್ ಇದೆಯೇನು’ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಾರೆ. ಶ್ರುತಿ ಪೆಟ್ಟಿಗೆ ಇದೆಯೇ ಎಂದರೆ, ಅದಿಲ್ಲದೆ ಭಜನೆ ಹೇಗೆ ನಡೆದೀತು ಎಂದು ನಿಮ್ಮನ್ನೇ ಮರಳಿ ಕೇಳುತ್ತಾರೆ. ತಾಳ, ದಮ್ಮಡಿಗಳ ನಡುವೆ ಕೂತು ಒಂದೇ ಸಮನೆ ಗುಂಯ್‌ಗುಡುವ ಆ ಡಬ್ಬಿ ಎಲ್ಲ ಲಕ್ಷಣಗಳಲ್ಲೂ ಸಿಂಥಸೈಸರೇ. ನಮ್ಮ ರಾಜ್ಯದಲ್ಲೇ ಹುಟ್ಟಿ, ದೇಶದ ಮೂಲೆಮೂಲೆಗೆ ಹೋದ ಸಿಂಥಸೈಸರ್. ಹಳೆಯ ಎಲೆಕ್ಟ್ರಾನಿಕ್ ವಾದ್ಯಗಳ ಬಗ್ಗೆ ಈಗ ಜಗತ್ತಿನಲ್ಲೆಲ್ಲ ಹುಚ್ಚು ಹತ್ತಿದೆ. ಭಾರತದ ಭಾಗವನ್ನೂ ಯಾರ್ಯಾರೋ ಹುಡುಕಿ ಹೇಳುತ್ತಿದ್ದಾರೆ. ಆ ಕಥನದಲ್ಲಿ ಮುಂಬೈ ಇದೆ, ಅಹಮದಾಬಾದ್ ಇದೆ. ಈ ಡಬ್ಬಿಯ ಹೆಸರು ಮಾತ್ರ ಬರುವುದೇ ಅಪರೂಪ.

ಸಿಂಥಸೈಸರಿನ ಅಂಗಗಳು ಬಹಳವಿಲ್ಲ. ಸ್ವರ ಹುಟ್ಟಿಸಲು ಆಸಿಲೇಟರ್, ಅದರ ಬಣ್ಣ ತಿದ್ದಲು ಫಿಲ್ಟರ್, ನಾದ ಎಷ್ಟು ಬೇಗ ಏಳಬೇಕು ಎಷ್ಟು ನಿಧಾನವಾಗಿ ಆರಬೇಕು ಎಂದು ಹೇಳುವ ಎನ್ವಲಪ್ ಸರ್ಕ್ಯೂಟ್, ಸ್ವರಗಳನ್ನು ಸರದಿಯಂತೆ ಮೀಟುವ ಸೀಕ್ವೆನ್ಸರ್. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಕಟ್ಟತೊಡಗಿದ ಯಂತ್ರದಲ್ಲಿ ಮೊದಲ ಮೂರು ಇದ್ದವು. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಸೀಕ್ವೆನ್ಸರನ್ನೇ ಮುಖ್ಯವಾಗಿಟ್ಟುಕೊಂಡು ತನ್ನದೊಂದು ಕಟ್ಟಿದ. ಶ್ರುತಿ ಪೆಟ್ಟಿಗೆ ಮಾಡುವಂತೆ ತಂಬೂರಿಯನ್ನು ಯಂತ್ರವಾಗಿಸಬೇಕಾದರೆ ಈ ನಾಲ್ಕೂ ಬೇಕು. ಪ ಸ ಸ ಸ ಎಂದು ನಾಲ್ಕು ತಂತಿ, ಪ್ರತಿ ತಂತಿಗೂ ಒಂದು ಸ್ವರ, ಮೀಟಿದ ತಕ್ಷಣ ಏಳುವ ಮತ್ತು ಮೆಲ್ಲಗೆ ಆರುವ ನಾದ, ಒಂದು ಆರುವ ಮೊದಲೇ ಇನ್ನೊಂದನ್ನು ಮೀಟುವ ಕ್ರಮ. ಎದುರಿಗೆ ಎರಡು ಮೂರು ತಿರುಗುಗುಂಡಿ: ಶ್ರುತಿ, ವೇಗ, ದನಿ.

ಕಷ್ಟವಿರುವುದು ನಾದದ ಬಣ್ಣದಲ್ಲಿ. ತಂಬೂರಿಯ ಕುದುರೆ ಚಪ್ಪಟೆಯಾಗಿ, ತುಸು ಇಳಿಜಾರಾಗಿರುತ್ತದೆ. ತಂತಿಯ ಕೆಳಗೆ ಒಂದು ನೂಲಿನ ಎಳೆ ಸರಿಸಿ ಜವಾರಿ ಕೂಡಿಸುತ್ತಾರೆ. ಕಂಪಿಸುವ ತಂತಿ ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರುವುದರಿಂದ ಮೇಲಿನ ಅನುಸ್ವರಗಳು ಒಂದೊಂದಾಗಿ ಅರಳುತ್ತವೆ. ಸಾಮಾನ್ಯ ತಂತಿವಾದ್ಯಗಳಿಗೆ ಹೊಂದುವ ನಿಯಮ ಇಲ್ಲಿ ಹೊಂದುವುದಿಲ್ಲ ಎಂದು ಸಿ.ವಿ. ರಾಮನ್ 1921ರಲ್ಲೇ ವೀಣೆ, ತಂಬೂರಿಗಳ ಮೇಲಿನ ತಮ್ಮ ಲೇಖನದಲ್ಲಿ ತೋರಿಸಿದ್ದರು. ಬರೀ ಆಸಿಲೇಟರ್ ಕೂಡಿಸಿ ಸ್ಪೀಕರಿಗೆ ಕೊಟ್ಟರೆ ಬರುವುದು ಪೀಪಿಯ ದನಿ. ಅದರಲ್ಲಿ ಅನುಸ್ವರಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಅಂದರೆ ಫಿಲ್ಟರ್ ಕೂಡ ನಾದದ ಜೊತೆಯಲ್ಲೇ ಚಲಿಸಬೇಕು. ಮೂಗ್‌ನ ಯಂತ್ರದ ಕೀರ್ತಿಗೆ ಕಾರಣವಾದದ್ದೂ ಇಂಥ ಚಲಿಸುವ ಫಿಲ್ಟರೇ. ಎರಡು ಬೇರೆ ದಾರಿಯಲ್ಲಿ ಬಂದವರು ಒಂದೇ ಬಾಗಿಲಿಗೆ ಬಂದು ನಿಂತಿದ್ದಾರೆ.

ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿ ಹೊರಬಂದದ್ದು 1979ರಲ್ಲಿ. ಅವರು ಕಟ್ಟಿದ ರಾಡೆಲ್ ಕಂಪನಿಯಿಂದ ಮುಂದೆ ಸಾರಂಗ್ ತಂಬೂರಿ, ತಾಲಮಾಲಾ ತಬಲಾ, ಕೊನೆಗೆ ಡಿಜಿಟಲ್ ವೀಣೆಯೂ ಬಂದವು. ಅದೇ ಊರಿನ ಸೌಂಡ್ ಲ್ಯಾಬ್ಸ್ ರಾಗಿಣಿಯನ್ನು ತಂದಿತು. ಇದು ಬೆಂಗಳೂರಿನಲ್ಲೇ ಆದದ್ದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ. 1954ರಲ್ಲಿ ಶುರುವಾದ ಬಿಇಎಲ್ ಟ್ರಾನ್ಸಿಸ್ಟರುಗಳನ್ನು ಅಲ್ಲೇ ಮಾಡುತ್ತಿತ್ತು. ಎಚ್‌ಎಎಲ್, ಐಟಿಐ, ಭಾರತೀಯ ವಿಜ್ಞಾನ ಸಂಸ್ಥೆಗಳ ಸುತ್ತ ಬೆಸುಗೆ ಕಡ್ಡಿ ಹಿಡಿಯಬಲ್ಲ ಕೈಗಳು ಸಾವಿರಾರು. ಸಂಜೆ ಕೆಲಸ ಬಿಟ್ಟು ಗಾಯನ ಸಮಾಜದ ಕಚೇರಿಗೆ ಹೋಗುವವರೂ ಅವರೇ. ಬಿಡಿಭಾಗ, ವಿದ್ಯೆ, ಕಿವಿ ಮೂರೂ ಒಂದೇ ಊರಿನಲ್ಲಿ ಸಿಗುವುದು ಎಲ್ಲ ಕಡೆ ನಡೆಯುವ ಮಾತಲ್ಲ.

ಇಲ್ಲಿ ಅಹಮದಾಬಾದಿನ ಮಾತು ಬರಲೇಬೇಕು. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಯಂತ್ರವನ್ನು ತಂದು ಸ್ಟುಡಿಯೊ ಹೂಡಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್ ಮೊದಲಾದವರು 1972ರವರೆಗೆ ಅಲ್ಲಿ ಕೆಲಸ ಮಾಡಿದರು. ಅವರು ಬಿಟ್ಟುಹೋದ ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಬ್ರಿಟಿಷ್ ಕಲಾವಿದ ಪಾಲ್ ಪರ್ಗಸ್ ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಧ್ವನಿಸುರುಳಿಯಾಗಿ ಬಂದವು. ಕೇಳಿದರೆ ಸೊಗಸಾಗಿವೆ. ಆದರೆ ಅದೊಂದು ದ್ವೀಪ. ಅಲ್ಲಿಂದ ಒಂದು ವಾದ್ಯ ಹೊರಬರಲಿಲ್ಲ, ಒಂದು ಅಂಗಡಿ ತೆರೆಯಲಿಲ್ಲ, ಯಾರ ಮನೆಯ ಮಕ್ಕಳೂ ಅದರ ಮುಂದೆ ಸರಳೆ ಹಾಡಲಿಲ್ಲ. ಆ ಕೆಲಸ ನಿಂತ ಏಳು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಹೊರಬಂದ ಡಬ್ಬಿ ಈ ಮೂರನ್ನೂ ಮಾಡಿತು. ಇತಿಹಾಸ ಬರೆಯುವವರು ಮಾತ್ರ ಮೊದಲಿನದಕ್ಕೆ ಪುಟಗಟ್ಟಲೆ ಕೊಟ್ಟು ಎರಡನೆಯದನ್ನು ಅಡಿಟಿಪ್ಪಣಿಗೂ ಸೇರಿಸುತ್ತಿಲ್ಲ. ಮೂಗ್ ಯಂತ್ರ ಹಿಂದೆಂದೂ ಕೇಳದ ನಾದ ಕೇಳಿಸಿತು, ಆದ್ದರಿಂದ ಅದು ಕಲೆ; ಶ್ರುತಿ ಪೆಟ್ಟಿಗೆ ಸಾವಿರ ಸಲ ಕೇಳಿದ ನಾದವನ್ನೇ ಕೇಳಿಸಿತು, ಆದ್ದರಿಂದ ಅದು ಉಪಕರಣ. ಇಂಥದೊಂದು ಲೆಕ್ಕ ಇದರ ಹಿಂದಿದೆ.

ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಈ ಯಂತ್ರಗಳ ಬಹುಪಾಲು ಚರಿತ್ರೆಯೇ ಬಾರದ ಮನುಷ್ಯನ ಜಾಗ ತುಂಬಿದ ಚರಿತ್ರೆ. ಈಗ ಸಂಗ್ರಹಕಾರರು ದುಬಾರಿ ಬೆಲೆ ತೆರುವ ರೋಲಂಡ್ ಕಂಪನಿಯ ಟಿಬಿ-303 ಪೆಟ್ಟಿಗೆಯನ್ನೇ ನೋಡಿ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ಗಿಟಾರ್ ನುಡಿಸುವ ಜೊತೆಗಾರ ಬೇಕಲ್ಲ, ಅವನ ಬದಲಿಗೆಂದು ಮಾಡಿದ ಯಂತ್ರ ಅದು. ಬೇಸ್ ಗಿಟಾರಿನಂತೆ ಅದು ಕೇಳಲೇ ಇಲ್ಲ. ಸುಮಾರು 10,000 ಮಾಡಿ, 1984ರ ಹೊತ್ತಿಗೆ ಕಂಪನಿ ನಿಲ್ಲಿಸಿತು. ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಾಗ ಷಿಕಾಗೋದ ಹುಡುಗರು ಕೊಂಡು ಬೇಕಾಬಿಟ್ಟಿ ತಿರುಗಿಸಿದರು. ಹೊಸ ಬಗೆಯ ಕುಣಿತದ ಸಂಗೀತ ಹುಟ್ಟಿತು. ಅವರಿಗಿಂತ ಮುಂಚೆ, 1982ರಲ್ಲಿ, ಮುಂಬೈಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅದೇ ಪೆಟ್ಟಿಗೆಯನ್ನು ಟಿಆರ್-808 ತಾಳಯಂತ್ರ ಮತ್ತು ಜುಪಿಟರ್-8 ಕೀಬೋರ್ಡಿನ ಜೊತೆ ಕೂಡಿಸಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿದ್ದರು. ಆಗ ಆ ಮುದ್ರಿಕೆಯನ್ನು ಕೊಂಡವರು ಕಡಿಮೆ. 2010ರಲ್ಲಿ ಮರುಮುದ್ರಣವಾದ ಮೇಲೆ ಯುರೋಪಿನಲ್ಲಿ ಅವರ ಕಚೇರಿಗಳಿಗೆ ಜನ ಮುಗಿಬಿದ್ದರು. 2015ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದೆಲ್ಲ ಸೋಜಿಗವೇ ಆಗಿತ್ತಂತೆ. ಆ ಧ್ವನಿಮುದ್ರಣವನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಸ್ವರದಿಂದ ಸ್ವರಕ್ಕೆ ಜಾರಲು 303ರಲ್ಲಿದ್ದ ಸೌಲಭ್ಯವನ್ನು ಅವರು ಮೀಂಡಿನಂತೆ ಬಳಸಿದ್ದಾರೆ. ರಾಗ ತಿಳಿದ ಕೈ ಅದು.

ಸಿನಿಮಾದ ಸಂಗತಿಯನ್ನು ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಬರೆದವರು ಬಹಳ. 1954ರ ‘ನಾಗಿನ್’ ಚಿತ್ರದ ಪುಂಗಿ ನಿಜವಾದ ಪುಂಗಿಯಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ಕ್ಲಾವಿಯೊಲಿನ್ ಎಂಬ ವಾಲ್ವ್ ವಾದ್ಯದ ಮೇಲೆ ಕಲ್ಯಾಣ್‌ಜಿ ನುಡಿಸಿದ್ದು. ಇಂದಿಗೂ ನಮ್ಮ ಕಡೆ ಮದುವೆ ಬ್ಯಾಂಡಿನವರು ನುಡಿಸುವ ನಾಗಿನ್ ಕುಣಿತದ ಮಟ್ಟು ಮೂಲದಲ್ಲಿ ಎಲೆಕ್ಟ್ರಾನಿಕ್ ಎಂದರೆ ಹುಬ್ಬೇರಿಸುವವರಿದ್ದಾರೆ. ಕನ್ನಡದಲ್ಲಿ ಶಂಕರ್‌ನಾಗ್ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಅವರನ್ನು ಕರೆತಂದಾಗ ಡಿಸ್ಕೊ ಬಂತು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಹೊಸ ಕೀಬೋರ್ಡುಗಳ ನಾದವನ್ನು ಕನ್ನಡ ಕಿವಿಗೆ ಮನೆಮಾತಾಗಿಸಿದರು. ಜಪಾನಿನ ಯಮಾಹಾ 1983ರಲ್ಲಿ ತಂದ ಡಿಎಕ್ಸ್-7, ಅದೇ ವರ್ಷ ಬಂದ ಮಿಡಿ ಎಂಬ ಜೋಡಣೆಯ ಕ್ರಮ, ಇವೆರಡೂ ಸೇರಿ ಆ ದಶಕದ ಎಲ್ಲ ಭಾಷೆಗಳ ಹಾಡುಗಳನ್ನೂ ಅಣ್ಣತಮ್ಮಂದಿರಂತೆ ಕೇಳಿಸಿದವು. ಡಿಎಕ್ಸ್-7ರಲ್ಲಿ ಹೊಸ ನಾದ ಕಟ್ಟುವುದು ಎಷ್ಟು ತೊಡಕೆಂದರೆ, ಬಹುಪಾಲು ಜನ ಕಂಪನಿ ತುಂಬಿಕೊಟ್ಟ ನಾದಗಳಲ್ಲೇ ತೃಪ್ತರಾದರು.

ನಮ್ಮ ಭಾಗಕ್ಕೆ ಈ ಅಲೆ ತಲುಪಿದ್ದು ರಸಮಂಜರಿ ಕಾರ್ಯಕ್ರಮಗಳ ಮೂಲಕ. ಜಾತ್ರೆ, ಗಣೇಶನ ಹಬ್ಬ, ಶಾಲೆಯ ವಾರ್ಷಿಕೋತ್ಸವ ಎಂದರೆ ವೇದಿಕೆಯ ಎಡಕ್ಕೊಂದು ಕ್ಯಾಸಿಯೊ, ಬಲಕ್ಕೊಂದು ಪ್ಯಾಡ್. ಕೀಬೋರ್ಡ್ ಯಾವ ಕಂಪನಿಯದಾದರೂ ಅದು ಕ್ಯಾಸಿಯೊನೇ. ಪ್ಯಾಡ್ ಎಂದರೆ ರೋಲಂಡ್ ಆಕ್ಟಪ್ಯಾಡ್. 1985ರ ಮೊದಲ ಮಾದರಿಯಲ್ಲಿ ಸ್ವಂತ ನಾದವೇ ಇರಲಿಲ್ಲ. ಎಂಟು ರಬ್ಬರ್ ಚೌಕಗಳ ಮೇಲೆ ಬಿದ್ದ ಏಟನ್ನು ಇನ್ನೊಂದು ಯಂತ್ರಕ್ಕೆ ತಲುಪಿಸುವುದಷ್ಟೇ ಅದರ ಕೆಲಸ. ಆಮೇಲೆ ಬಂದ ಎಸ್‌ಪಿಡಿ-20ರಲ್ಲಿ 700 ನಾದಗಳಿದ್ದವು. ತಬಲಾ, ಢೋಲಕ್, ಡ್ರಮ್ಸ್, ಗೆಜ್ಜೆ ಎಲ್ಲ ಎರಡು ಕಡ್ಡಿಗಳ ತುದಿಗೆ ಬಂದವು. ಒಂದು ಜೀಪಿನಲ್ಲಿ ಹನ್ನೆರಡು ಜನರ ಬದಲು ಐದು ಜನ ಹೋದರೆ ಸಾಕಾಯಿತು.

ಉಳಿದ ಏಳು ಜನ ಏನಾದರು? ಈ ಪ್ರಶ್ನೆಯನ್ನು ಹಳೆಯ ಯಂತ್ರಗಳ ಅಭಿಮಾನಿಗಳು ಕೇಳಿಕೊಳ್ಳುವುದು ಕಡಿಮೆ. ಬಯಲಾಟದ ಪೇಟಿ ಮಾಸ್ತರ, ನಾಟಕ ಕಂಪನಿಯ ತಬಲಜಿ, ಹಲಗಿ ಬಾರಿಸುವವ, ಇವರ ಸಂಭಾವನೆಯ ಒಂದು ಪಾಲನ್ನು ಜಪಾನಿನ ಕಾರ್ಖಾನೆ ತಿಂದದ್ದು ನಿಜ. ತಂಬೂರಿಯದು ಇನ್ನೂ ಸೂಕ್ಷ್ಮ. ಗಾಯಕರ ಹಿಂದೆ ತಂಬೂರಿ ಹಿಡಿದು ಕೂರುವುದು ಶಿಷ್ಯನಿಗೆ ಪಾಠವೇ ಆಗಿತ್ತು. ರಾಯಚೂರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಪೀಳಿಗೆಯವರೆಲ್ಲ ಬೆಳೆದದ್ದು ಹಾಗೆ. ಡಬ್ಬಿ ಬಂದ ಮೇಲೆ ಆ ಜಾಗದಲ್ಲಿ ಶಿಷ್ಯನ ಬದಲು ಒಂದು ವೈರು ಕೂತಿತು. ಸಂಗೀತಗಾರರ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ.

ಇನ್ನೊಂದು ಬದಿಯೂ ಉಂಟು. ಮಿರಜಿನ ತಂಬೂರಿ ಕೊಂಡು, ಬಸ್ಸಿನಲ್ಲಿ ಒಡೆಯದಂತೆ ತಂದು, ತಂತಿ ಬದಲಿಸುತ್ತ, ಜವಾರಿ ಕೂಡಿಸುತ್ತ ಇಟ್ಟುಕೊಳ್ಳುವುದು ಎಷ್ಟು ಮನೆಗಳಿಗೆ ಆಗುವ ಮಾತು? ನಮ್ಮದು ದಾಸರ ನಾಡು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಅವರ ಪದಗಳನ್ನು ಹಾಡುವ ಹೆಂಗಸರ ಭಜನಾ ಮಂಡಳಿಗಳಿಗೆ ಸ್ಥಿರವಾದ ಷಡ್ಜವೊಂದು ಸುಲಭವಾಗಿ ಕೈಗೆಟುಕಿದ್ದು ಈ ಡಬ್ಬಿಯಿಂದ. ಹೊಸ ವಾದ್ಯದ ಮೇಲೆ ಸಿಟ್ಟಾಗುವುದು ನಮಗೆ ಹೊಸದೂ ಅಲ್ಲ. ಗಮಕ ಬಾರದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. 1971ರಲ್ಲಿ ಮೆಲ್ಲಗೆ ಒಳಗೆ ಬಿಟ್ಟುಕೊಂಡಿತು. ಈ ಮೂವತ್ತು ವರ್ಷ ಹೈದರಾಬಾದ್ ಕರ್ನಾಟಕದ ಬಯಲಾಟಗಳಲ್ಲಿ ಪೇಟಿ ನಿಂತಿತೇ? ಇಲ್ಲ. ಕೀಬೋರ್ಡಿನ ಹನ್ನೆರಡು ಮನೆಗಳಿಗೂ ಅದೇ ಗಮಕದ ದೂರು ಇದೆ. ಶ್ರುತಿ ಪೆಟ್ಟಿಗೆಗೆ ಆ ತಂಟೆಯೇ ಇಲ್ಲ. ಅದು ನಿಲ್ಲಬೇಕಾದ ಸ್ವರದಲ್ಲಿ ನಿಂತರೆ ಸಾಕು.

ಆದರೆ ನಿಲ್ಲುವುದೇ ಕಷ್ಟ, ಅದೂ ರಾಯಚೂರಿನಲ್ಲಿ. ಹಳೆಯ ಅನಲಾಗ್ ಯಂತ್ರಗಳ ಮೋಹಿಗಳು ‘ಬೆಚ್ಚನೆಯ ನಾದ’ ಎಂದು ಹೊಗಳುವುದನ್ನು ಓದಿದಾಗೆಲ್ಲ ನನಗೆ ನಗು ಬರುತ್ತದೆ. ಮೇ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಲಿ ಅನಿಸುತ್ತದೆ. ಟ್ರಾನ್ಸಿಸ್ಟರಿನ ನಡತೆ ಶಾಖಕ್ಕೆ ತಕ್ಕಂತೆ ಬದಲಾಗುತ್ತದೆ. ವೋಲ್ಟೇಜಿನಿಂದ ಸ್ವರ ಏರಿಸುವ ಸಾಮಾನ್ಯ ಸರ್ಕ್ಯೂಟಿನಲ್ಲಿ ಸ್ವರಗಳ ನಡುವಿನ ಅಂತರ ಒಂದು ಡಿಗ್ರಿಗೆ ಶೇಕಡಾ 0.33ರಷ್ಟು ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಸರಿಪಡಿಸಿದ ಕೀಬೋರ್ಡನ್ನು 43 ಡಿಗ್ರಿಯ ಬಿಸಿಲಿನ ಪೆಂಡಾಲಿನಲ್ಲಿ ನುಡಿಸಿದರೆ ವ್ಯತ್ಯಾಸ ಶೇಕಡಾ 6ರ ಹತ್ತಿರ. ಅಂದರೆ ಒಂದು ಸ್ಥಾಯಿ ಮೇಲಿನ ಷಡ್ಜ, ಶುದ್ಧ ನಿಷಾದದ ಕಡೆಗೆ ಮುಕ್ಕಾಲು ದಾರಿ ಜಾರಿರುತ್ತದೆ. ಇದನ್ನು ತಡೆಯಲು ಶಾಖ ಏರಿದಂತೆ ಈ ಕುಗ್ಗುವಿಕೆಯನ್ನು ಸರಿದೂಗಿಸುವ ವಿಶೇಷ ರೆಸಿಸ್ಟರ್ ಹಾಕುತ್ತಾರೆ. ಬೇರೆ ದೇಶದ ಹವ್ಯಾಸಿಗೆ ಅದು ಅಚ್ಚುಕಟ್ಟಿನ ಮಾತು. ಇಲ್ಲಿ ಅದಿಲ್ಲದೆ ವಾದ್ಯವೇ ಇಲ್ಲ.

ಮೀಟುವ ಸ್ವರಗಳು ಬದಲಾಗದ್ದರಿಂದ ಶ್ರುತಿ ಪೆಟ್ಟಿಗೆಗೆ ಈ ಸಂಕಟ ಕಡಿಮೆ, ಬೇರೆಯದೊಂದು ಇದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧಕ್ಕಿಳಿಯುತ್ತದೆ ಎಂಬುದು ರಿಪೇರಿಯವರೆಲ್ಲ ಬಲ್ಲ ಲೆಕ್ಕ. ಒಳಗಿನ ದ್ರವ ಆರಿದ ಮೇಲೆ ಕರೆಂಟಿನ ಏರಿಳಿತವನ್ನು ಅದು ತಡೆಹಿಡಿಯದು. 50 ಹರ್ಟ್ಸ್ ಕರೆಂಟು ರೆಕ್ಟಿಫೈಯರ್ ದಾಟಿ 100 ಹರ್ಟ್ಸಿನ ಗುಂಯ್‌ಕಾರವಾಗಿ ಸ್ಪೀಕರಿನಲ್ಲಿ ಇಳಿಯುತ್ತದೆ. ಗಂಡಸರು ಸಾಮಾನ್ಯವಾಗಿ ಹಾಡುವ ಕರಿ ಒಂದರ ಷಡ್ಜ ಸುಮಾರು 138.6 ಹರ್ಟ್ಸ್, ಅದರ ಮಂದ್ರ ಪಂಚಮ 104ರ ಹತ್ತಿರ. 104ಕ್ಕೂ 100ಕ್ಕೂ ಜಗಳ ಹತ್ತಿ ಸೆಕೆಂಡಿಗೆ ನಾಲ್ಕು ಸಲ ನಾದ ಅಲುಗುತ್ತದೆ. ಪೆಟ್ಟಿಗೆ ಶ್ರುತಿ ತಪ್ಪಿದೆ ಎಂದು ಗುಂಡಿ ತಿರುಗಿಸುತ್ತ ಕೂರುವವರು ಬಹಳ. ಶ್ರುತಿ ಸರಿಯೇ ಇದೆ. ಕೆಲವೇ ರೂಪಾಯಿಯ ಕೆಪಾಸಿಟರ್ ಬದಲಿಸಬೇಕು, ಅಷ್ಟೆ. ಸೆಲ್ ಹಾಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ: ಅಲುಗಾಟ ನಿಂತರೆ ದೋಷ ಕರೆಂಟಿನ ದಾರಿಯದು. ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರ ಉರಿಯುತ್ತಿದ್ದರೂ ನಮ್ಮ ಹಳ್ಳಿಗಳ ಭಜನೆಗೆ ಸೆಲ್ ಬೇಕಾಗುತ್ತಲೇ ಬಂದಿದೆ ಎಂಬುದು ಬೇರೆ ಮಾತು.

ಹೊಸ ಪೆಟ್ಟಿಗೆಗಳು ನಿಜವಾದ ತಂಬೂರಿಯ ನಾದವನ್ನು ಚಿಪ್ಪಿನಲ್ಲಿ ತುಂಬಿಕೊಂಡು ಮರುನುಡಿಸುತ್ತವೆ. ಮೊಬೈಲಿನ ಐತಬಲಾ ಪ್ರೊದಂಥ ಆ್ಯಪ್‌ಗಳು ಬಂದ ಮೇಲೆ ಪೆಟ್ಟಿಗೆಯೂ ಬೇಡವಾಗಿದೆ. ನಾದ ಚೆನ್ನಾಗಿದೆ, ಅಲ್ಲಗಳೆಯುವಂತಿಲ್ಲ. ಆದರೆ ಅದು ಕಟ್ಟಿದ ನಾದವಲ್ಲ, ಹಿಡಿದಿಟ್ಟ ನಾದ. ತಂಬೂರಿ ಏಕೆ ಹಾಗೆ ಕೇಳುತ್ತದೆ ಎಂದು ತಲೆ ಕೆಡಿಸಿಕೊಂಡು, ಟ್ರಾನ್ಸಿಸ್ಟರುಗಳಿಂದ ಅದನ್ನು ಮತ್ತೆ ಹುಟ್ಟಿಸಲು ಹೆಣಗಿದ ವಿದ್ಯೆ ಹಳೆಯ ಪೆಟ್ಟಿಗೆಗಳಲ್ಲೇ ಉಳಿದಿದೆ. ಸಂಗ್ರಹಕ್ಕೆ ಯೋಗ್ಯವಾದದ್ದು ಆ ವಿದ್ಯೆ.

ಮನೆಯಲ್ಲೇ ಕಟ್ಟುವವರ ಬಗ್ಗೆ ಹೇಳದೆ ಸಮೀಕ್ಷೆ ಪೂರ್ತಿಯಾಗದು. ಜರ್ಮನಿಯ ಡೋಪ್ಫರ್ ತೊಂಬತ್ತರ ದಶಕದ ನಡುವೆ ಶುರುಮಾಡಿದ ಯೂರೋರ‍್ಯಾಕ್ ಪದ್ಧತಿಯಲ್ಲಿ ಬಿಡಿ ಮಾಡ್ಯೂಲುಗಳನ್ನು ಕೊಂಡು ಜೋಡಿಸುತ್ತಾರೆ. ಕಸ್ಟಮ್ಸ್ ಸುಂಕ ಸೇರಿದರೆ ಅದು ಶ್ರೀಮಂತರ ಹವ್ಯಾಸ. ನಮಗೆ ಅದರಿಂದ ಕಲಿಯುವುದು ಹೆಚ್ಚಿಲ್ಲ. ಬೆಂಗಳೂರಿನ ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಷನ್ ಎಂಬ ಬಳಗ ಬೇರೆ ದಾರಿ ಹಿಡಿದು ಸ್ವಂತ ವಾದ್ಯಗಳನ್ನು ಕಟ್ಟಿ ನುಡಿಸಿದೆ. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ನೋಡಿದರೆ ಅವರ ತುಂಟತನ ಗೊತ್ತಾಗುತ್ತದೆ. ಅದೇ ಊರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ 555 ಟೈಮರ್ ಎರಡಿದ್ದರೆ, ಅಮೆರಿಕದ ಫಾರೆಸ್ಟ್ ಮಿಮ್ಸ್ 1980ರಲ್ಲಿ ಪ್ರಕಟಿಸಿದ ಸರ್ಕ್ಯೂಟನ್ನು ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಕಟುವಾದ, ಗೊರಗೊರ ನಾದ. ಹುಡುಗರಿಗೆ ಬಲು ಇಷ್ಟ.

ಇದಕ್ಕೆ ಬೆಂಗಳೂರೇ ಬೇಕಿಲ್ಲ. ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುವ ನಮ್ಮೂರುಗಳ ಎಲೆಕ್ಟ್ರಿಷಿಯನ್ನರು ದೀಪಗಳನ್ನು ಸಾಲಾಗಿ ಓಡಿಸಲು ಬಳಸುತ್ತಿದ್ದ 4017 ಚಿಪ್ಪು ತನ್ನ ಹತ್ತು ಕಾಲುಗಳಿಗೆ ಒಂದಾದ ಮೇಲೊಂದು ವೋಲ್ಟೇಜು ಕೊಡುತ್ತದೆ. ದೀಪದ ಬದಲು ಆ ಕಾಲುಗಳಿಗೆ ಒಂದೊಂದು ಗುಂಡಿ ಜೋಡಿಸಿ ಆಸಿಲೇಟರಿಗೆ ಕೊಟ್ಟರೆ ಹತ್ತು ಸ್ವರಗಳ ಸೀಕ್ವೆನ್ಸರ್ ಸಿದ್ಧ. ಪ್ರಪಂಚದ ಎಷ್ಟೋ ಹವ್ಯಾಸಿಗಳು ಮೊದಲಿಗೆ ಕಟ್ಟುವುದು ಇಂಥದನ್ನೇ. ಕತ್ತಲಾಗುವವರೆಗೆ ಕೂತು ದೀಪದ ಸಾಲು ಓಡಿಸಿದ ಕೈ ಒಂದು ಹೆಜ್ಜೆ ಮುಂದಿಟ್ಟಿದ್ದರೆ ವಾದ್ಯ ಕಟ್ಟುತ್ತಿತ್ತು. ಇಡಲಿಲ್ಲ; ಇದು ವಾದ್ಯವೂ ಆದೀತು ಎಂದು ಕನ್ನಡದಲ್ಲಿ ಹೇಳುವವರಿರಲಿಲ್ಲ. ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ 1969ರಿಂದ ಇಂಥ ಸರ್ಕ್ಯೂಟುಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಲೇ ಇತ್ತು. ನಮ್ಮ ಭಾಷೆಯಲ್ಲಿ ಆ ಕೊರತೆ ಇವತ್ತಿಗೂ ಹಾಗೇ ಇದೆ, ಇದಕ್ಕೆ ಬರೆಯುವವರಾದ ನಾವೇ ಹೊಣೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಿಂದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯ ಇದೆ. ಎಲೆಕ್ಟ್ರಾನಿಕ್ ತಂಬೂರಿಯ ಮೊದಲ ಮಾದರಿಗಳಿಗೆ ಒಳಗಿನ ಬೋರ್ಡ್ ಕಾಣುವಂತೆ ಅಲ್ಲಿ ಜಾಗ ಮಾಡಬೇಕು. ರಾಯಚೂರಿಗೆ ಐಐಐಟಿ ಬಂದಿದೆ. ಕೆಟ್ಟ ಶ್ರುತಿ ಪೆಟ್ಟಿಗೆಯೊಂದನ್ನು ಬಿಚ್ಚಿ ಅದರ ಸರ್ಕ್ಯೂಟ್ ಬರೆದಿಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಕನ್ನಡದಲ್ಲೂ ಬರೆದರೆ ರಿಪೇರಿ ಅಂಗಡಿಯವರಿಗೆ ಉಪಯೋಗ.

ಅಷ್ಟರವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೋ ಮಠದ ಕಪಾಟಿನಲ್ಲೋ ಇಂಥ ಹಳೆಯ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ. ಇಂದೇ ಇಳಿಸಿ, ಹಿಂದಿನ ಮುಚ್ಚಳ ತೆಗೆದು ಸೆಲ್‌ಗಳನ್ನು ಹೊರಗೆ ತೆಗೆಯಿರಿ. ಸೋರಿದ ಸೆಲ್ಲಿನ ರಸ ಬೋರ್ಡಿನ ತಾಮ್ರವನ್ನು ತಿಂದುಬಿಟ್ಟರೆ ಆಮೇಲೆ ಯಾವ ರಿಪೇರಿಯವರಿಂದಲೂ ಆಗುವುದಿಲ್ಲ.